ಹತ್ತೂವರೆ ಬಸ್ಸಿನ ಬಳೆ ಬೂಬಮ್ಮ

ನನಗೆ ಅಡಿಗೆ ಬರುತ್ತಿರಲಿಲ್ಲ ಅಂತಲ್ಲ, ಮಾಡುತ್ತಿರಲಿಲ್ಲ ಅಷ್ಟೆ. ತೊಂಬತ್ತರ ದಶಕದ ನಡುವಿನಲ್ಲಿ ನಂಜನಗೂಡಿನ ಒಂದು ಹೈಸ್ಕೂಲಿಗೆ ಮೇಡಂ ಆಗಿ ಸೇರಿದೆ. ಸ್ಕೂಲಿನ ಹತ್ತಿರವೇ ರೂಮು ಮಾಡಿಕೊಂಡೆ. ಸ್ಟವ್ ಇತ್ತು, ಪಾತ್ರೆ ಇತ್ತು, ಮಾಡಿಕೊಳ್ಳುವ ಮನಸ್ಸೊಂದು ಇರಲಿಲ್ಲ. ತಿ. ನರಸೀಪುರದಲ್ಲಿದ್ದ ನಮ್ಮವ್ವನಿಗೆ ಮಗಳು ಮಧ್ಯಾಹ್ನ ಹೋಟೆಲಿನಲ್ಲಿ ತಿನ್ನುತ್ತಾಳೆ ಅನ್ನೋದೇ ದೊಡ್ಡ ಅವಮಾನ. "ಊರ್ ಮಕ್ಳಿಗೆಲ್ಲ ಬುದ್ಧಿ ಯೇಳ್ತಳಂತೆ, ತನ್ನ ಒಟ್ಟೆಗೆ ಮಾತ್ರ ಓಟ್ಲು ಚಿತ್ರಾನ್ನ" ಅಂತ ಬೈದವಳೇ ಮಾರನೇ ದಿನದಿಂದ ಹತ್ತೂವರೆ ಬಸ್ಸಿಗೆ ಕ್ಯಾರಿಯರ್ ಹಾಕಿ ಕಳಿಸತೊಡಗಿದಳು.

ನಮ್ಮ ಕಡೆ ಆಗ ಇದೊಂದು ಪದ್ಧತಿ. ಬಸ್ಸು ಇರೋದು ಜನ ಓಡಾಡೋದಕ್ಕೆ ಮಾತ್ರ ಅಂತ ಯಾರೂ ಅಂದುಕೊಂಡಿರಲಿಲ್ಲ. ಕೋರ್ಟಿನ ಗುಮಾಸ್ತರಿಗೆ ಊಟ, ಆಸ್ಪತ್ರೆಯಲ್ಲಿದ್ದ ಬಾಣಂತಿಗೆ ಮೆಣಸಿನ ಸಾರು, ಫ್ಯಾಕ್ಟರಿ ಕೆಲಸಕ್ಕೆ ಹೋದ ಗಂಡ ಮರೆತು ಹೋದ ಕನ್ನಡಕ, ಬೀಗರ ಮನೆಗೆ ಒಂದು ಕುಕ್ಕೆ ಅವರೆಕಾಯಿ, ಒಂದು ಸಲವಂತೂ ಕಾಲು ಕಟ್ಟಿದ ಹುಂಜ, ಎಲ್ಲವೂ ಆ ಬಸ್ಸಿನಲ್ಲೇ. ಹೆಸರು ಬರೆಯೋದಿಲ್ಲ, ಚೀಟಿ ಅಂಟಿಸೋದಿಲ್ಲ. ಕಟ್ಟಿದ ಬಟ್ಟೆ ನೋಡಿದರೇ ಯಾರದು ಅಂತ ಗೊತ್ತು. ನಮ್ಮದು ಕೆಂಪು ಚೌಕಳಿ ಟವೆಲ್ಲು. ಕಂಡಕ್ಟರಂತೂ "ನನ್ ಗಾಡೀಲಿ ಜನಕ್ಕಿಂತ ಹುಳಿಸಾರೇ ಜಾಸ್ತಿ ಓಡಾಡ್ತದೆ ಕಣ್ರೀ" ಅಂತ ಗೊಣಗುತ್ತಿದ್ದ. ಗೊಣಗುತ್ತಲೇ ತೆಗೆದುಕೊಳ್ಳುತ್ತಿದ್ದ.

ಆದರೆ ಆ ಸಾಮಾನಿಗೆಲ್ಲ ನಿಜವಾದ ಯಜಮಾನ್ತಿ ಬಳೆ ಬೂಬಮ್ಮ. ನಮ್ಮ ಸೀಮೆಯಲ್ಲಿ ಸಾಬರ ಹೆಂಗಸರನ್ನು ಬೂಬಮ್ಮ ಅಂತಲೇ ಕರೆಯೋದು. ಇವಳು ಬಳೆ ಮಾರುತ್ತಿದ್ದಳು, ಹಾಗಾಗಿ ಬಳೆ ಬೂಬಮ್ಮ. ಅವ್ವನಿಗಿಂತ ಸ್ವಲ್ಪ ಚಿಕ್ಕವಳು. ಮೈಮೇಲೆ ಕಪ್ಪು ಬುರ್ಖಾ, ಮುಖ ತೆರೆದೇ ಇರುತ್ತಿತ್ತು, ಬಾಯಲ್ಲಿ ಎಲೆಅಡಿಕೆ. ದಾರಕ್ಕೆ ಪೋಣಿಸಿದ ಗಾಜಿನ ಬಳೆಗಳ ಕಂತೆಗಳನ್ನು ದೊಡ್ಡ ಬಟ್ಟೆ ಚೀಲದಲ್ಲಿ ತುಂಬಿಕೊಂಡು ಬಂದು ಡ್ರೈವರ್ ಹಿಂದಿನ ಉದ್ದ ಸೀಟಿನಲ್ಲಿ ಕೂರುವಳು. ದಾರಿಯ ಹಳ್ಳಿಗಳಲ್ಲಿ ಒಂದೊಂದು ದಿನ ಒಂದೊಂದು ಕಡೆ ಇಳಿದು ಮನೆಮನೆಗೆ ಹೋಗಿ ಬಳೆ ತೊಡಿಸುವಳು. ಇಳಿಯುವವರೆಗೂ ಎಲ್ಲರ ಕ್ಯಾರಿಯರು ಅವಳ ಕಾಲ ಬಳಿ. ಗುಂಡಿ ಬಂದರೆ ಎರಡು ಪಾದದ ನಡುವೆ ಹಿಡಿದುಕೊಳ್ಳುವಳು, ಸಾರು ಚೆಲ್ಲದ ಹಾಗೆ.

ನಂಜನಗೂಡಿನವರೆಗೂ ಬರುವ ದಿನ ನಮ್ಮ ಸ್ಕೂಲ್ ಗೇಟಿನ ಮುಂದೆ ಬಸ್ಸು ನಿಧಾನ ಮಾಡಿದಾಗ ಕಿಟಕಿಯಿಂದ ಅವಳ ಕೈ ಹೊರಗೆ ಬರುತ್ತಿತ್ತು. ಕೈತುಂಬ ಬಳೆ, ಬಳೆಯ ಕೆಳಗೆ ಕೆಂಪು ಚೌಕಳಿ. "ತಗಳವ್ವ ಮೇಡಮ್ಮ, ಇವತ್ತು ಬಸ್ಸಾರು. ಗಮಗಮ ಅಂತ ನನ್ ಜೀವ ತಿಂದಾಕ್ತು" ಅನ್ನುವಳು. ಒಂದೊಂದು ದಿನ, "ಉಸಾರು, ನಿಮ್ಮವ್ವ ಇವತ್ತು ಸಿಟ್ನಲ್ಲವ್ಳೆ, ಖಾರ ಜಡಿದವ್ಳೆ" ಅಂತ ಮುಂಚಿತವಾಗಿ ಎಚ್ಚರಿಕೆ. ನಿಜಕ್ಕೂ ಖಾರವಾಗಿಯೇ ಇರುತ್ತಿತ್ತು! ಆ ಊಟದ ರುಚಿ ಇವತ್ತಿಗೂ ನಾಲಿಗೆಯ ಮೇಲಿದೆ. ಎಷ್ಟು ಸುಖವಾಗಿದ್ದೆವು ಅಂತ ಆಗ ಗೊತ್ತೇ ಆಗಲಿಲ್ಲ ನೋಡಿ.

ಅವ್ವನಿಗೂ ಅವಳಿಗೂ ಇದ್ದ ನಂಟು ಬೇರೆಯೇ. ಅವ್ವ ಬೇರೆ ಯಾರ ಕೈಲೂ ಬಳೆ ತೊಡಿಸಿಕೊಂಡವಳಲ್ಲ. ಹಬ್ಬ ಬಂತು ಅಂದರೆ ಬೂಬಮ್ಮ ನಮ್ಮ ಮನೆ ಜಗಲಿಗೆ ಬಂದು ಕೂತು ಅವ್ವನ ಅಂಗೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಹಿಚುಕುವಳು. "ಕೈ ಸಡ್ಲ ಬುಡಕ್ಕ, ಯಾರ್ ಮ್ಯಾಲೆ ಸಿಟ್ಟು?" ಅನ್ನುವಳು. ಅವ್ವ ಅಪ್ಪನ ಮೇಲಿನ ಸಿಟ್ಟನ್ನೆಲ್ಲ ಅವಳ ಮುಂದೆ ಹೇಳಿಕೊಳ್ಳುತ್ತ ಕೈ ಸಡಿಲ ಬಿಡುವಳು. ಬಳೆ ಸರಸರ ಏರುತ್ತಿತ್ತು. ಬಳೆ ತೊಡಿಸುವವಳ ಕೈಗೆ ಕೈ ಕೊಡಬೇಕಾದರೆ ನಂಬಿಕೆ ಬೇಕು. ಗಾಜು ತಾನೆ, ಸ್ವಲ್ಪ ಹೆಚ್ಚುಕಮ್ಮಿಯಾದರೂ ರಕ್ತ.

ಅಪ್ಪ ಅಂಗಡಿ ಬಿಟ್ಟು ಮನೆಯಲ್ಲಿ ಕೂತ ಮೇಲೆ ಅವರ ಕೆಲಸ ಟಿ.ವಿ. ನೋಡೋದು. ಮೊದಮೊದಲು ಸಂಜೆ ಒಂದು ವಾರ್ತೆ ಬರುತ್ತಿತ್ತು, ಮುಗಿಯುತ್ತಿತ್ತು. ಎರಡು ಸಾವಿರದ ಇಸವಿ ದಾಟಿದ ಮೇಲೆ ಬಂದವು ನೋಡಿ ಹಗಲೂ ರಾತ್ರಿ ಸುದ್ದಿಯ ಚಾನೆಲ್ಲುಗಳು! ಎಲ್ಲೋ ದೂರದ ದೊಡ್ಡ ಊರಿನಲ್ಲಿ ಬಾಂಬ್ ಸಿಡಿದಿರುತ್ತಿತ್ತು, ಸತ್ತವರಿಗಾಗಿ ನಮ್ಮ ಕರುಳೂ ಚುರ್ ಅನ್ನುತ್ತಿತ್ತು, ಇಲ್ಲ ಅನ್ನೋಲ್ಲ. ಆದರೆ ಸಿಡಿದದ್ದು ಒಂದು ಸಲ, ತೋರಿಸಿದ್ದು ನೂರು ಸಲ. ಅದೇ ಹೊಗೆ, ಅದೇ ಒಂಟಿ ಚಪ್ಪಲಿ, ಹಿಂದುಗಡೆ ಧಡಧಡ ಮ್ಯೂಸಿಕ್ಕು. ಅಪ್ಪ ತಟ್ಟೆ ಹಿಡಿದುಕೊಂಡು ತುತ್ತು ಎತ್ತೋದನ್ನೂ ಮರೆತು ನೋಡುತ್ತಿದ್ದರು. ಆಮೇಲೆ ಎದ್ದು ಹೋಗಿ ಹಿತ್ತಿಲ ಬಾಗಿಲಿಗೆ ಅಗುಳಿ ಹಾಕಿ ಬರುತ್ತಿದ್ದರು. "ಆ ಊರ್ನಲ್ಲಿ ಬಾಂಬ್ ಬಿದ್ರೆ ನಮ್ಮಿತ್ಲಿಗೆ ಯಾಕ್ರೀ ಅಗ್ಳಿ?" ಅಂತ ಅವ್ವ ಕೇಳಿದರೆ, "ನಿಂಗೇನ್ ಗೊತ್ತಾಗ್ತದೆ ಸುಮ್ಕಿರು" ಅನ್ನುತ್ತಿದ್ದರು.

ಹತ್ತೂವರೆ ಬಸ್ಸಿಗೂ ಒಂದು ಪಟ್ಟಿ ಅಂಟಿಸಿದರು. ವಾರಸುದಾರರಿಲ್ಲದ ವಸ್ತು ಮುಟ್ಟಬೇಡಿ, ಸೀಟಿನ ಕೆಳಗೆ ನೋಡಿ, ಬಾಂಬ್ ಇರಬಹುದು. ಶುರುವಿನಲ್ಲಿ ನಮಗೆ ಅದೊಂದು ತಮಾಷೆ. ಕಂಡಕ್ಟರು ಬೂಬಮ್ಮನ ಕಾಲ ಬಳಿ ಬಗ್ಗಿ ನೋಡಿ, "ಐದ್ ಬಾಂಬ್ ಅವೆ. ಎರಡು ಉಪ್ಸಾರು, ಎರಡು ಹುಳಿ, ಒಂದು ಮೊಸರನ್ನ" ಅಂತ ಕೂಗಿ ಇಡೀ ಬಸ್ಸನ್ನು ನಗಿಸುತ್ತಿದ್ದ. ಬೂಬಮ್ಮನೂ ಬುರ್ಖಾದ ಅಂಚಿನಲ್ಲಿ ಬಾಯಿ ಮುಚ್ಚಿಕೊಂಡು ನಗುವಳು.

ಆಮೇಲೆ ಒಂದು ಎಲೆಕ್ಷನ್ ಬಂತು. ಅಲ್ಲಿಯವರೆಗೆ ವೋಟು ಕೇಳೋಕೆ ಬರುವವರು ಚರಂಡಿ, ನಲ್ಲಿ ನೀರು, ನಾಲೆ ನೀರು ಅಂತ ಸುಳ್ಳಾದರೂ ಹೇಳುತ್ತಿದ್ದರು. ಆ ಸಲ ಒಬ್ಬ ಮೈಕು ಹಿಡಿದು, "ಬಸ್ಸಿನಲ್ಲಿ ನಿಮ್ಮ ಪಕ್ಕ ಕೂತಿರೋರು ಯಾರು ಅಂತ ನಿಮಗೆ ಗೊತ್ತಾ?" ಅಂತ ಕೂಗಿದ. ಗೊತ್ತು ಕಣಪ್ಪ ಮಾರಾಯ, ಇಪ್ಪತ್ತು ವರ್ಷದಿಂದ ಗೊತ್ತು ಅಂತ ನನ್ನ ಬಾಯಿ ತುರಿಸಿತು. ಸುತ್ತಲಿದ್ದವರು ಮಾತ್ರ ಯೋಚನೆಗೆ ಬಿದ್ದವರ ಹಾಗೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವನ ಎದುರಾಳಿಯೇನು ಕಮ್ಮಿಯೇ? ಬೂಬಮ್ಮನ ಬೀದಿಗೆ ಹೋಗಿ, "ನಾನಿಲ್ದಿದ್ರೆ ನಿಮ್ಮನ್ನ ಉಳಿಸ್ತಾರಾ?" ಅಂತ ಇನ್ನೊಂದು ಬಗೆಯ ಭಯ ಹಂಚಿ ಬಂದ. ಚರಂಡಿ ಮಾತ್ರ ಎರಡು ಬೀದಿಯಲ್ಲೂ ಮೊದಲಿನ ಹಾಗೇ ನಾರುತ್ತಿತ್ತು.

ಆಮೇಲೆಯೇ ಬಸ್ಸಿನಲ್ಲಿ ಬೂಬಮ್ಮನ ಪಕ್ಕ ಜಾಗ ಖಾಲಿ ಉಳಿಯತೊಡಗಿದ್ದು. ಉದ್ದ ಸೀಟಿನಲ್ಲಿ ಆರು ಜನ ಒತ್ತರಿಸಿ ಕೂರುತ್ತಿದ್ದ ಜಾಗದಲ್ಲಿ ಅವಳೊಬ್ಬಳು, ಆಚೆ ತುದಿಗೆ ಒಬ್ಬರು. ನಿಂತವರು ನಿಂತೇ ಇರುತ್ತಿದ್ದರು. ಬಾಯಿಬಿಟ್ಟು ಯಾರೂ ಏನೂ ಅನ್ನಲಿಲ್ಲ. ಹಳ್ಳಿಗಳಲ್ಲೂ ಒಂದೆರಡು ಮನೆಯವರು ಬಾಗಿಲಲ್ಲೇ, "ಈ ಸಲ ಬ್ಯಾಡ ಕಣಮ್ಮ" ಅಂದರಂತೆ. ಅವಳ ಹೊಟ್ಟೆಪಾಡು ಇದ್ದದ್ದೇ ಕಂಡವರ ಜಗಲಿಯಲ್ಲಿ. ಒಳಗೆ ಬಾ ಅನ್ನುವವರಿಲ್ಲದಿದ್ದರೆ ಬಳೆ ಯಾರಿಗೆ ತೊಡಿಸಬೇಕು? ಅವ್ವನ ಮುಂದೆ ಹೇಳಿಕೊಂಡು ಅತ್ತಳಂತೆ. "ಓಗ್ಲಿ ಬುಡು, ನಾವಿಲ್ವಾ?" ಅಂದಳಂತೆ ಅವ್ವ.

ಆ ದಿನ ಗೇಟಿನಲ್ಲಿ ನಿಂತು ನಿಂತು ಕಾಲು ನೋವು ಬಂತು, ಬಸ್ಸು ಬರಲೇ ಇಲ್ಲ. ಹಸಿದ ಹೊಟ್ಟೆಯಲ್ಲೇ ಪಾಠ ಮಾಡಿದೆ, ಮಕ್ಕಳ ಮೇಲೆ ರೇಗಿದೆ. ಸ್ಕೂಲು ಬಿಟ್ಟ ಮೇಲೆ ಎದುರಿನ ಹೋಟೆಲಿಗೆ ಹೋಗಿ ಉಪ್ಪಿಟ್ಟು ಹೇಳಿ ತಲೆ ಎತ್ತಿದರೆ, ಟಿ.ವಿ.ಯಲ್ಲಿ ನಮ್ಮವ್ವನ ಕೆಂಪು ಚೌಕಳಿ ಟವೆಲ್ಲು! ಅದರ ಸುತ್ತ ಒಂದು ದೊಡ್ಡ ಕೆಂಪು ವೃತ್ತ. ಕೆಳಗೆ, "ಬಸ್ಸಿನಲ್ಲಿ ಅನುಮಾನಾಸ್ಪದ ವಸ್ತು. ಮಹಿಳೆ ವಶಕ್ಕೆ." ನಾನು ಜೋರಾಗಿ, "ಅಯ್ಯಯ್ಯೋ, ಅದು ನನ್ನ ಊಟ ಕಣ್ರೀ!" ಅಂದೆ. ಒಬ್ಬರೂ ನಗಲಿಲ್ಲ. ಪಕ್ಕದ ಟೇಬಲಿನವರು ತಟ್ಟೆ ಎತ್ತಿಕೊಂಡು ದೂರ ಹೋಗಿ ಕೂತರು.

ನಡೆದದ್ದನ್ನು ಆಮೇಲೆ ಕಂಡಕ್ಟರು ಹೇಳಿದ. ನಡುದಾರಿಯ ಹಳ್ಳಿಯೊಂದರಲ್ಲಿ ಮದುವೆ ಮನೆಯ ಹೆಂಗಸರಿಗೆ ಬಳೆ ತೊಡಿಸಬೇಕಿತ್ತು, ಬೂಬಮ್ಮ ಅಲ್ಲಿ ಇಳಿದಳು. ಎಂದಿನ ಹಾಗೆ ಕ್ಯಾರಿಯರುಗಳನ್ನು ಸೀಟಿನ ಕೆಳಗೆ ತಳ್ಳಿ, "ನೋಡ್ಕಳಣ್ಣ" ಅಂತ ಅವನಿಗೆ ಹೇಳಿಯೇ ಇಳಿದಳು. ಅವನು ಹಿಂದೆ ಟಿಕೆಟ್ ಕೊಡುತ್ತಿದ್ದ. ಮುಂದೆ ಕೂತಿದ್ದ ಹೊಸಬನೊಬ್ಬ, "ಬುರ್ಖಾದವಳು ಗಂಟು ಬಿಟ್ಟು ಇಳಿದ್ಹೋದ್ಲು!" ಅಂತ ಕಿರುಚಿಕೊಂಡ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ, ಹಾಗಾಯಿತು. ಎಲ್ಲರೂ ಧುಮುಕಿ ಗದ್ದೆಗೆ ಓಡಿದರು. "ಲೇ, ಅದು ಸಾರು ಕಣ್ರಲಾ, ಸಾರು!" ಅಂತ ಕಂಡಕ್ಟರು ಬಾಯಿ ಬಡಿದುಕೊಂಡರೂ ಕೇಳಿದವರಿಲ್ಲ. ದಿನಾ ನಗುತ್ತಿದ್ದವರೇ ಓಡಿದರು ಮೇಡಮ್ಮ ಅಂತ ಹೇಳುವಾಗ ಅವನ ಕಣ್ಣು ಒದ್ದೆಯಾಯಿತು. ಪೊಲೀಸರು ಬಂದರು, ಮೈಸೂರಿನಿಂದ ನಾಯಿ ಬಂತು. ಆ ನಾಯಿ ಮೂಸಿ ನೋಡಿ ಬಾಲ ಅಲ್ಲಾಡಿಸಿತಂತೆ. ಅಷ್ಟರಲ್ಲಿ ಮದುವೆ ಮನೆಯಲ್ಲಿ ಮದುಮಗಳ ಕೈ ಹಿಡಿದು ಕೂತಿದ್ದವಳನ್ನು ಎಬ್ಬಿಸಿ ಜೀಪಿಗೆ ಹತ್ತಿಸಿದ್ದರು.

ನಾನು ಊರಿನ ಬಸ್ಸು ಹಿಡಿದು ಠಾಣೆಗೆ ಹೋಗುವಷ್ಟರಲ್ಲಿ ಅವ್ವ ನನಗಿಂತ ಮುಂಚೆ ಅಲ್ಲಿದ್ದಳು. ಅಪ್ಪ, "ಸುಮ್ನೆ ಇಡ್ಕಂಡೋಯ್ತಾರಾ, ಏನೋ ಇರಬೇಕು" ಅಂದರಂತೆ. ಅವ್ವ ಸೌಟನ್ನು ಅಲ್ಲೇ ಎಸೆದು ಹೊರಟು ಬಂದಿದ್ದಳು. ಠಾಣೆಯ ಬಾಗಿಲನ್ನೇ ದಾಟದ ಹೆಂಗಸು ಇನ್ಸ್‌ಪೆಕ್ಟರ ಮೇಜಿನ ಮುಂದೆ ನಿಂತು, "ಅದ್ರಲ್ಲಿರೋದು ಉಳ್ಳೀಕಾಳಿನ ಬಸ್ಸಾರು ಸಾಮಿ, ಬೇಯ್ಸಿ ಬಸ್ದೋಳು ನಾನು. ಇಡೀಬೇಕಂದ್ರೆ ನನ್ನಿಡೀರಿ. ಅವ್ಳು ನನ್ ಮಗ್ಳು ಅನ್ನ ಕಾಯ್ಕಂಡು ಬತ್ತಿದ್ದೋಳು" ಅಂತ ಜಾಡಿಸುತ್ತಿದ್ದಳು. ಇನ್ಸ್‌ಪೆಕ್ಟರು ಕೆಟ್ಟವರೇನಲ್ಲ. "ನಮ್ಗೂ ಗೊತ್ತಾಯ್ತು ತಾಯಿ, ಮೇಲಿಂದ ಫೋನ್ ಮೇಲೆ ಫೋನ್" ಅಂತ ಹಣೆ ಉಜ್ಜಿಕೊಂಡರು. ಕತ್ತಲಾದ ಮೇಲೆ ಬಿಟ್ಟರು. ಚೀಲ ಸುರಿದು ನೋಡಿದ್ದರಿಂದ ಅರ್ಧಕ್ಕರ್ಧ ಬಳೆ ಚೂರಾಗಿದ್ದವು. ಬೂಬಮ್ಮ ಬೆಂಚಿನಿಂದ ಎದ್ದು ಅವ್ವನ ಹೆಗಲಿಗೆ ತಲೆ ಇಟ್ಟಳು. ಅವ್ವನ ಬಗ್ಗೆ ನನಗೆ ಅಷ್ಟು ಹೆಮ್ಮೆ ಅನಿಸಿದ್ದು ಅದೇ ಮೊದಲು.

ಮಾರನೇ ದಿನ ಬೆಳಿಗ್ಗೆ ಅವ್ವ ಬೂಬಮ್ಮನನ್ನು ಕರೆಸಿ ಜಗಲಿಯ ಮೇಲೆ, ಬೀದಿಗೆಲ್ಲ ಕಾಣುವ ಹಾಗೆ ಕೂತು ಎರಡೂ ಕೈ ತುಂಬ ಬಳೆ ತೊಡಿಸಿಕೊಂಡಳು. ಹಬ್ಬವಿಲ್ಲ, ಹುಣ್ಣಿಮೆಯಿಲ್ಲ. ನೋಡಿದ ಅಕ್ಕಪಕ್ಕದ ಇಬ್ಬರು ಮೂವರು ನಾಚಿಕೊಂಡು ತಾವೂ ಬಂದು ಕೈ ಚಾಚಿದರು. ಆದರೆ ಟಿ.ವಿ.ಯಲ್ಲಿ "ಮಹಿಳೆ ವಶಕ್ಕೆ" ಅಂತ ಮೂರು ದಿನ ಓಡಿಸಿದವರು, ಅದು ಊಟ, ಮಹಿಳೆ ಮನೆಗೆ ಅಂತ ಒಂದು ಸಲವೂ ಹಾಕಲಿಲ್ಲ. ಅಪ್ಪ ಅದಕ್ಕೇ ಕಾಯುತ್ತ ಕೂತಿದ್ದರು. "ಯೇಳ್ನಿಲ್ವಲ್ಲ, ಇನ್ನೂ ತನಿಖೆ ನಡೀತದೇನೋ" ಅಂದರು.

ವಾರಸುದಾರರಿಲ್ಲದ ಸಾಮಾನು ಬಸ್ಸಿಗೆ ಹಾಕಬಾರದು ಅಂತ ಕಟ್ಟುನಿಟ್ಟಾಯಿತು. ಕ್ಯಾರಿಯರುಗಳು ನಿಂತವು. "ವಾರಸುದಾರ್ರು ಬೇಕು ತಾನೆ? ನಾನೇ ಬತ್ತೀನಿ" ಅಂತ ಅವ್ವ ವಾರಕ್ಕೆ ಒಂದೆರಡು ದಿನ ಟಿಕೆಟ್ ತೆಗೆಸಿಕೊಂಡು ಕ್ಯಾರಿಯರನ್ನು ಮಡಿಲಲ್ಲಿಟ್ಟುಕೊಂಡು ಬಂದುಬಿಡುತ್ತಿದ್ದಳು. ನನ್ನ ಎದುರು ಕೂತು, ತಿನ್ನೋದನ್ನು ನೋಡಿ, ವಾಪಸ್ಸು ಹೋಗುವಳು. ಬೂಬಮ್ಮನ ಹೊಸ ಅಭ್ಯಾಸದ ಸುದ್ದಿ ತಂದವಳೂ ಅವಳೇ. ಬಸ್ಸು ಹತ್ತಿದ ಕೂಡಲೇ ಬೂಬಮ್ಮ ಚೀಲದ ಬಾಯಿ ಅಗಲಿಸಿ ಪ್ರತಿ ಸೀಟಿನ ಹತ್ತಿರವೂ ನಿಂತು, "ನೋಡ್ಕಳಿ ಅಣ್ಣ, ನೋಡ್ಕಳಿ ಅಕ್ಕ, ಬಳೆ" ಅಂತ ತೋರಿಸುತ್ತ ಬರುತ್ತಾಳಂತೆ. ತೋರಿಸು ಅಂತ ಯಾರೂ ಕೇಳಿರಲಿಲ್ಲ. "ನಾನು ಬೈದೆ ಕಣೆ, ಮುಚ್ಚೇ ಅದ, ನನ್ಗೂ ತೋರಿಸ್ತೀಯಾ, ನಾಚ್ಕೆ ಆಗಲ್ವಾ ಅಂತ" ಅಂದಳು ಅವ್ವ. ಅಪ್ಪನ ಹತ್ತಿರ ಹೇಳಿದರೆ ಅವರು, "ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕಂಡಂಗೆ. ಏನೂ ಇಲ್ದಿದ್ರೆ ಕೇಳ್ದೇ ಯಾಕೆ ತೋರಿಸ್ಬೇಕು?" ಅಂದರು. ತೋರಿಸದಿದ್ದರೂ ತಪ್ಪು, ತೋರಿಸಿದರೂ ತಪ್ಪು. ನಾನು ಅಪ್ಪನ ಜೊತೆ ಒಂದು ವಾರ ಮಾತು ಬಿಟ್ಟೆ.

ಬೇಸಿಗೆ ರಜ ಬಂತು. ಅದೇ ವಾರ ಇನ್ನೊಂದು ದೊಡ್ಡ ಊರಿನಲ್ಲಿ ಬಾಂಬ್ ಸಿಡಿದಿತ್ತು. ನಾನು ಊರಿಗೆ ಹೋದರೆ ಮನೆಯ ತುಂಬ ಅದೇ ಶಬ್ದ, ಅದೇ ಹೊಗೆ. ಅಪ್ಪನ ಪಕ್ಕದಲ್ಲಿ ಅವ್ವನೂ ಕೂತು ನೆನೆಸಿದ ಅವರೆಕಾಳು ಹಿಸುಕುತ್ತ ನೋಡುತ್ತಿದ್ದಳು. ಮೊದಲಿನ ಹಾಗೆ ಅಪ್ಪನನ್ನು ರೇಗಿಸಲಿಲ್ಲ. ಸೋಮವಾರ ನಂಜುಂಡೇಶ್ವರನ ದರ್ಶನ ಮಾಡಿಸಿಕೊಂಡು ಬರೋಣ ಅಂತ ಅವಳನ್ನು ಹೊರಡಿಸಿದೆ. ಹತ್ತೂವರೆ ಬಸ್ಸಿನಲ್ಲಿ ಇಬ್ಬರೂ ಜೊತೆಯಲ್ಲಿ ಕೂತೆವು. ನನಗೆ ಹಳೆಯ ದಿನಗಳೇ ವಾಪಸ್ಸು ಬಂದಷ್ಟು ಖುಷಿ.

ಬೂಬಮ್ಮ ಹತ್ತಿದಳು. ಸೊರಗಿದ್ದಳು. ಚೀಲ ಅಗಲಿಸಿಕೊಂಡು ಒಂದೊಂದೇ ಸೀಟು ದಾಟಿ ನಮ್ಮ ಹತ್ತಿರ ಬಂದಳು. ನನ್ನನ್ನು ನೋಡಿ, "ಮೇಡಮ್ಮ, ಎಷ್ಟು ದಿನ ಆಯ್ತವ್ವ!" ಅಂತ ಮುಖ ಅರಳಿಸಿದಳು. ಹಾಗೆಯೇ, ಅಭ್ಯಾಸಬಲದಿಂದಲೋ ಏನೋ, ಚೀಲವನ್ನು ಅವ್ವನ ಮುಂದೆ ಹಿಡಿದಳು. ಅವ್ವ ಬೈಯುತ್ತಾಳೆ ಅಂತ ನಾನು ನಗು ತಡೆದುಕೊಂಡು ಕಾದೆ.

ಅವ್ವ ಬಗ್ಗಿ ನೋಡಿದಳು. ಬರೀ ನೋಡಿದ್ದರೂ ಆಗುತ್ತಿತ್ತು. ಕೈ ಹಾಕಿ, ಮೇಲಿದ್ದ ಕಂತೆಯನ್ನು ಪಕ್ಕಕ್ಕೆ ಸರಿಸಿ, ಅದರ ಕೆಳಗೆ ಏನಿದೆ ಅಂತ ನೋಡಿದಳು.

ಬೂಬಮ್ಮ ಚೀಲ ಎಳೆದುಕೊಳ್ಳಲಿಲ್ಲ. ಅವ್ವನ ಬೆರಳುಗಳನ್ನೇ ನೋಡುತ್ತ, "ಪೂರ್ತಿ ತಳದ ತಂಕ ನೋಡ್ಬುಡಕ್ಕ. ಅಲ್ಲಿ ನಿಂಗೇಂತ ಎತ್ತಿಟ್ಟಿರೋ ಅಸ್ರು ಬಳೆ ಅವೆ" ಅಂದಳು.

ಅವ್ವನ ಕೈ ಅಲ್ಲೇ ನಿಂತಿತು. ಬೂಬಮ್ಮ ತಾನೇ ತಳದಿಂದ ಆ ಹಸಿರು ಬಳೆಯ ಕಂತೆ ತೆಗೆದು ಅವ್ವನ ಮಡಿಲಲ್ಲಿ ಇಟ್ಟಳು. "ತೊಡ್ಸೇ" ಅಂತ ಅವ್ವ ಎರಡೂ ಕೈ ಚಾಚಿದಳು. ಬೂಬಮ್ಮ ಆ ಕೈ ಹಿಡಿಯಲಿಲ್ಲ. "ಮನೇಲಿ ನೀನೇ ತೊಟ್ಕಳಕ್ಕ" ಅಂತ ಮೆಲ್ಲಗೆ ಹೇಳಿ, ಮುಂದೆ ಹೋಗಿ ಬಾಗಿಲ ಹತ್ತಿರ ನಿಂತಳು. ಮೊದಲ ಹಳ್ಳಿ ಬಂದ ಕೂಡಲೇ ಇಳಿದುಬಿಟ್ಟಳು. ಅದು ಅವಳು ಬಳೆ ಮಾರುವ ಊರಲ್ಲ.

ನನಗೆ ಎಲ್ಲಿತ್ತೋ ಸಿಟ್ಟು. "ಠಾಣೆಗೆ ಹೋಗಿ ಬಿಡಿಸಿಕೊಂಡು ಬಂದವಳಲ್ಲವಾ ನೀನು? ಅವಳು ಯಾರು ಅಂತ ನಿನಗೆ ಗೊತ್ತಿಲ್ಲವಾ?" ಅಂತ ಬಸ್ಸಿನಲ್ಲೇ ಕೂಗಾಡಿದೆ. ಅವ್ವ ಕಿಟಕಿಯ ಕಡೆ ತಿರುಗಿ, ಹಿಂದೆ ಉಳಿದ ಹಳ್ಳಿಯನ್ನೇ ನೋಡುತ್ತಿದ್ದಳು.

"ಗೊತ್ತು ಕಣೆ" ಅಂದಳು. "ಗೊತ್ತಿದ್ದೂ ನೋಡ್ಬುಟ್ಟೆ."